ಇಂಟರ್ವಲ್ ತಿಮ್ಮೇಶನ ಫ್ಯಾಮಿಲಿ ಪಿಚ್ಚರು

"ಇನ್ಮೇಲೆ ನಮ್ಮೂರು ಚಿನಕುರಳೀಲಿ ಒಬ್ಬನೇ ಒಬ್ಬನೂ ಕೆಟ್ಟ ಪಿಚ್ಚರ್‌ಗೆ ಹೋಗಿ ತಲೆ ಕೆಡಿಸ್ಕಬಾರ್ದು. ನಾನಿರಗಂಟ ಅದು ಆಗಾಕಿಲ್ಲ ಬುಡಿ!"

ಶನಿವಾರ ಬೆಳಿಗ್ಗೆ ಹಾಲಿನ ಡೈರಿ ಮುಂದೆ ಸಾಲು ನಿಂತವರೆದುರು ತಿಮ್ಮೇಶ ಹೀಗೆ ಪ್ರತಿಜ್ಞೆ ಮಾಡಿದ. ಕೈಯಲ್ಲಿ ಹಾಲಿನ ಕ್ಯಾನು, ಹೆಗಲ ಮೇಲೆ ಟವಲ್ಲು, ಮುಖದಲ್ಲಿ ಹೈಕೋರ್ಟ್ ಜಡ್ಜಿನ ಕಳೆ! ಪಾಂಡವಪುರದ ಟಾಕೀಸಿಗೆ ಶುಕ್ರವಾರ ಹೊಸ ಸಿನಿಮಾ ಬಂತೆಂದರೆ ಮ್ಯಾಟನಿಗೆ ಅವನು ಹಾಜರು. ಮಾರನೇ ಬೆಳಿಗ್ಗೆ ಡೈರಿ ಮುಂದೆ ತೀರ್ಪು ಹಾಜರು. "ಹೀರೋ ಮಾತಾಡಿದ್ದೇ ಜಾಸ್ತಿ ಆಯ್ತು ಕಣಣ್ಣ, ಪಾಪ, ದವಡೆ ನೋವು ಬಂದಿರ್ತದೆ." "ಫೈಟು ಚೆಂದಾಗದೆ, ಆದ್ರೆ ಏಟು ತಿಂದೋನ್ಗೆ ಯಾಕ್ ತಿಂದೆ ಅಂತ್ಲೇ ಗೊತ್ತಿಲ್ಲ." ಅವನು ಸೈ ಎಂದರೆ, ನೇಗಿಲು ಹೂಡದೆ ಎತ್ತಿಗೆ ಬಿಡುವು ಕೊಡುವ ಸೋಮವಾರ ಊರಿನ ಬೈಕುಗಳೆಲ್ಲ ಪಾಂಡವಪುರದ ದಾರಿ ಹಿಡಿಯುತ್ತಿದ್ದವು. ಅವನು ಮೂಗು ಮುರಿದರೆ ಅವು ಕೊಟ್ಟಿಗೆಯಲ್ಲೇ ಉಳಿಯುತ್ತಿದ್ದವು.

ಈ ಸಲದ ಸಿನಿಮಾ 'ಅತ್ತೆ ಕೈತುತ್ತು'. ತೀರ್ಪು: "ಅಪ್ಪಟ ಫ್ಯಾಮಿಲಿ ಪಿಚ್ಚರು! ಅತ್ತೆ ಅಂದ್ರೆ ಸಾಕ್ಷಾತ್ ದೇವತೆ. ಕಣ್ಣಲ್ಲಿ ನೀರು ಬರ್ದೇ ಇದ್ರೆ ನನ್ನ ಕೇಳಿ."

"ಕೊನೇಲಿ ಏನಾಯ್ತದ್ಲಾ?" ಎಂದು ಯಾರೋ ಕೇಳಿದರು.

"ಅದುನ್ನ ಹೇಳ್ಬುಟ್ರೆ ಪಿಚ್ಚರ್ ತೆಗೆದೋನ ಹೊಟ್ಟೆ ಮೇಲೆ ಹೊಡ್ದಂಗೆ ಕಣಣ್ಣ. ನಾನ್ ಆ ಪಾಪ ಕಟ್ಕಳಲ್ಲ."

ಆಹಾ, ಎಂಥ ಧರ್ಮಿಷ್ಠ! ನಿಜ ಏನೆಂದರೆ, ಕೊನೆಯಲ್ಲಿ ಏನಾಗುತ್ತದೆಂದು ಈ ಧರ್ಮಿಷ್ಠನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಒಂದೇ ಒಂದು ಸಿನಿಮಾವನ್ನೂ ಇಂಟರ್ವಲ್ಲಿನ ಆಚೆಗೆ ನೋಡಿರಲಿಲ್ಲ!

ಇದಕ್ಕೆಲ್ಲ ಕಾರಣ ಅವನ ಸೀಮೆಹಸು. ಅದರ ಕೆಚ್ಚಲಿಗೆ ತಿಮ್ಮೇಶನ ಕೈ ಬಿಟ್ಟು ಇನ್ನಾರ ಕೈ ತಾಗಿದರೂ ಬಕೆಟ್ಟು ಒಂದು ದಿಕ್ಕಿಗೆ, ಕರೆಯುವವರು ಇನ್ನೊಂದು ದಿಕ್ಕಿಗೆ. ಸಂಜೆ ಡೈರಿಯವರು ಯಾರಿಗೂ ಕಾಯುವುದಿಲ್ಲ. ಹಾಗಾಗಿ ಪರದೆ ಮೇಲೆ ಇಂಟರ್ವಲ್ ಎಂದು ಬಿದ್ದೊಡನೆ ಪಾಪ್‌ಕಾರ್ನಿಗೆ ಹೊರಟವನಂತೆ ಎದ್ದು, ಬೈಕ್ ಒದ್ದು, ಸೀದಾ ಕೊಟ್ಟಿಗೆಗೆ ಬರುತ್ತಿದ್ದ. ಇದನ್ನು ಹೆಂಡತಿ ಸುಧಳಿಗೂ ಹೇಳಿರಲಿಲ್ಲ. ಮೊಬೈಲಿನಲ್ಲೇ ಸಿನಿಮಾ ನೋಡುವ ಅವಳಿಗೆ ಮ್ಯಾಟನಿ ಬಿಡುವ ಹೊತ್ತಿನ ಗೊಡವೆಯೂ ಇರಲಿಲ್ಲ.

ಭಾನುವಾರ ಜವಳಿ ತೆಗೆಯುವ ದಿನ. ಸುಧಳ ತಂಗಿ ನಿಸರ್ಗಳಿಗೆ ಹೊಣಕೆರೆ ಕಡೆಯ ಗಂಡು ಗೊತ್ತಾಗಿತ್ತು. ಹುಡುಗ ನಾಗಮಂಗಲದಲ್ಲಿ ಟ್ರಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ. ಎರಡು ಮನೆಯವರೂ ಒಪ್ಪಿ, ವೀಳ್ಯಶಾಸ್ತ್ರವೊಂದೇ ಬಾಕಿ. ಮಾವ ತೀರಿಕೊಂಡ ಮನೆಗೆ ಹಿರಿಯಳಿಯ ತಿಮ್ಮೇಶನೇ ಯಜಮಾನ. ಹುಡುಗ ಅಂಗಡಿ ಬಿಟ್ಟು ಬರಲಾಗದೆ ಅಪ್ಪ ಅಂದಾನಯ್ಯನನ್ನೂ ಅಮ್ಮ ಜಯಲಕ್ಷ್ಮಮ್ಮನನ್ನೂ ಪಾಂಡವಪುರಕ್ಕೆ ಕಳಿಸಿದ್ದ. ಈ ಕಡೆಯಿಂದ ತಿಮ್ಮೇಶ, ಸುಧ, ನಿಸರ್ಗ ಬಂದಿದ್ದರು. ಸೀರೆ, ಪಂಚೆ ಎಲ್ಲ ಆರಿಸಿ, ಗಂಟು ಕಟ್ಟಿಸಿ ಅಂಗಡಿಯಲ್ಲೇ ಇಟ್ಟು, ಹೋಟೆಲಿನಲ್ಲಿ ಊಟವೂ ಆಯಿತು.

"ಟಾಕೀಸ್ನಲ್ಲಿ ಕೂತು ಪಿಚ್ಚರ್ ನೋಡಿ ಯಾವ್ ಕಾಲ ಆಯ್ತೋ. ಇಲ್ಲಿ ಯಾವ್ದಾದ್ರೂ ಚೆನ್ನಾಗಿರೋದು ನಡೀತದ?" ಎಂದರು ಜಯಲಕ್ಷ್ಮಮ್ಮ.

ಕೇಳಿದ್ದು ಯಾರನ್ನ! ತಿಮ್ಮೇಶ ಕೂತಲ್ಲೇ ಅರ್ಧ ಅಡಿ ಎತ್ತರವಾದ. "ನಡೀರಮ್ಮ, ನಿಮಗೇ ಅಂತ ಮಾಡಿರೋ ಪಿಚ್ಚರ್ ಅದೆ. ಮೊನ್ನೆ ನೋಡ್ದೆ. ಅದ್ರಲ್ಲಿ ಬರೋ ಅತ್ತೇನ ನೋಡ್ತಿದ್ರೆ ಥೇಟ್ ನಿಮ್ಮುನ್ನೇ ನೋಡ್ದಂಗಾಯ್ತದೆ!"

ಜಯಲಕ್ಷ್ಮಮ್ಮನ ಮುಖ ಅರಳಿತು. ಸುಧ ಗಂಡನತ್ತ ಹೆಮ್ಮೆಯಿಂದ ನೋಡಿದಳು. ಮದುವೆಯಾದ ಮೇಲೆ ಅವಳು ಹಾಗೆ ನೋಡಿದ್ದು ಕಮ್ಮಿಯೇ.

ಟಾಕೀಸಿನೊಳಗೆ ಮೊದಲರ್ಧವೆಲ್ಲ ತಿಮ್ಮೇಶನದೇ ದರ್ಬಾರು. "ನೋಡಿ, ನಿಮ್ಮಂಗೇ ಹಸಿರು ಬಳೆ!" "ನೋಡಿ, ನಿಮ್ಮಂಗೇ ಸೆರಗು ಸಿಗಿಸ್ಕತಾರೆ!" ತೀರಿಹೋದ ದೊಡ್ಡ ಸೊಸೆಯ ಹಾರ ಹಾಕಿದ ಫೋಟೋ ಮುಂದೆ ಅತ್ತೆ ಬಿಕ್ಕುವ ದೃಶ್ಯದಲ್ಲಂತೂ, "ಇಂಗೇ ಕಣಮ್ಮ ನಿಮ್ಮ ಮನಸು" ಎಂದು ಟವಲ್ಲಿನಿಂದ ಕಣ್ಣೊರೆಸಿಕೊಂಡ. ಜಯಲಕ್ಷ್ಮಮ್ಮನೂ ಮೂಗು ಒರೆಸಿಕೊಂಡರು. ಇಂಟರ್ವಲ್ಲಿಗೆ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು, ಮನೆಯಲ್ಲೇ ಮಾಡಿ ತಂದ ಕೊಬ್ಬರಿ ಮಿಠಾಯಿಯ ದೊಡ್ಡ ತುಂಡನ್ನು ನಿಸರ್ಗಳ ಕೈಗಿಟ್ಟರು. "ತಿನ್ನವ್ವ, ನಿಂಗೇ ಅಂತ ಮಾಡಿದ್ದು."

ತಿಮ್ಮೇಶ ಅಭ್ಯಾಸಬಲದಿಂದ ಎದ್ದು ನಿಂತ.

"ಎಲ್ಗೆ?" ಸುಧ ಶರ್ಟು ಹಿಡಿದೆಳೆದಳು.

"ಹಸು ಕರೀಬೇಕಲ್ಲ..."

"ಇವತ್ತೊಂದಿನ ಕರು ಕುಡ್ಕಳ್ಳಿ ಬುಡಿ. ಬೀಗ್ರುನ್ನ ನಡುವೆ ಬುಟ್ಟು ಎದ್ದೋದ್ರೆ ಏನಂದ್ಕತಾರೆ?"

ಕೂತ. ಜೀವಮಾನದಲ್ಲೇ ಮೊದಲ ಬಾರಿಗೆ ತಿಮ್ಮೇಶ ಸಿನಿಮಾದ ಉತ್ತರಾರ್ಧ ನೋಡಲಿದ್ದ! ನೋಡಿದರೆ ತಾನೆ ಏನು ತಪ್ಪು, ಇನ್ನಷ್ಟು ಕಣ್ಣೀರು ಬಂದೀತು ಅಷ್ಟೇ ಎಂದುಕೊಂಡ.

ದೀಪ ಆರಿತು. ಪರದೆ ಮೇಲೆ ದೇವತೆಯಂಥ ಅತ್ತೆ ಅಡುಗೆಮನೆ ಬಾಗಿಲು ಮುಚ್ಚಿ, ಚಿಲಕ ಹಾಕಿ, ಅತ್ತಿತ್ತ ನೋಡಿ ನಕ್ಕಳು. ಆ ನಗೆ ಮೊದಲರ್ಧದ ನಗೆಯಲ್ಲ! ಸೆರಗಿನಿಂದ ಒಂದು ಪೊಟ್ಟಣ ತೆಗೆದಳು. ಬಿಸಿ ಬಿಸಿ ಕೊಬ್ಬರಿ ಮಿಠಾಯಿಗೆ ಅದರ ಪುಡಿ ಉದುರಿಸಿದಳು. "ದೊಡ್ಡ ಸೊಸೆ ಇದನ್ನೇ ತಿಂದು ಮಲಗಿದಳು. ಚಿಕ್ಕ ಸೊಸೆ, ಇನ್ನು ನಿನ್ನ ಸರದಿ!" ಎಂದು ಗಹಗಹಿಸಿದಳು. ತಬಲಾ, ಪಿಟೀಲು, ಗುಡುಗು, ಎಲ್ಲ ಒಟ್ಟಿಗೆ!

ತಿಮ್ಮೇಶ ಮೆಲ್ಲಗೆ ಕತ್ತು ತಿರುಗಿಸಿದ. ನಿಸರ್ಗಳ ಬಾಯಿ ಅಗಿಯುವುದನ್ನು ನಿಲ್ಲಿಸಿತ್ತು. ಉಳಿದ ಅರ್ಧ ಮಿಠಾಯಿ ಕೈಯಲ್ಲೇ ಇತ್ತು, ಅವಳ ಕಣ್ಣು ಪರದೆಯಿಂದ ಮಿಠಾಯಿಗೂ ಮಿಠಾಯಿಯಿಂದ ಪರದೆಗೂ ಓಡಾಡುತ್ತಿತ್ತು. ಜಯಲಕ್ಷ್ಮಮ್ಮ ಸಿನಿಮಾ ನೋಡುತ್ತಿರಲಿಲ್ಲ, ಆ ಕೈಯನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನ ಪಡ್ಡೆ ಹುಡುಗರು, ಮೊದಲರ್ಧದಲ್ಲಿ ತಿಮ್ಮೇಶನ ವಿವರಣೆ ಪೂರ್ತಿ ಕೇಳಿಸಿಕೊಂಡವರು, "ಅಣ್ಣೋ, ಈಗ್ಲೂ ಥೇಟ್ ಅಂಗೇನಾ?" ಎಂದು ಹಲ್ಲು ಕಿಸಿದರು. ಭೂಮಿ ಬಾಯಿ ಬಿಡಬಾರದೇ ಎಂದು ತಿಮ್ಮೇಶ ಬೇಡಿಕೊಂಡ. ಟಾಕೀಸಿನ ನೆಲ ಸಿಮೆಂಟಿನದು, ಬಿಡಲಿಲ್ಲ.

ಸಿನಿಮಾ ಮುಗಿದು ಎಲ್ಲರೂ ಹೊರಗೆ ಬಂದರು. ಜಯಲಕ್ಷ್ಮಮ್ಮ ಗಕ್ಕನೆ ನಿಂತರು.

"ಏನಪ್ಪ ತಿಮ್ಮೇಶ, ಈ ಪಿಚ್ಚರ್ನ ಮೊದ್ಲೇ ನೋಡಿದ್ದೀನಿ ಅಂದ್ಯಲ್ಲ?"

"ಊಂ ಕಣಮ್ಮ..."

"ನೋಡ್ಬುಟ್ಟೇ ನಾನ್ ಥೇಟ್ ಅವಳಂಗೇ ಅಂದ್ಯಾ?" ಅವರು ಡಬ್ಬಿಯಿದ್ದ ಬ್ಯಾಗನ್ನು ಎದೆಗವಚಿಕೊಂಡರು. "ನನ್ ದೊಡ್ಡ ಸೊಸೆ ಬ್ಯಾರೆ ಮನೆ ಮಾಡವ್ಳೆ ಅಂತ ಊರೋರು ಆಡ್ಕತಾರೆ, ನಂಗೊತ್ತು. ಕೇಳಂಗಿದ್ರೆ ಎದುರುಗೇ ಕೇಳ್ಬೇಕಾಗಿತ್ತು. ಟಿಕೀಟು ತಗ್ದು ಕೂರ್ಸಿ ಹೇಳ್ಬೇಕಾಗಿತ್ತಾ?"

ಅಂದಾನಯ್ಯ ಹೆಗಲ ಮೇಲಿನ ಟವಲ್ಲು ಕೊಡವಿದರು. "ನಡಿ, ನಾಗಮಂಗಲದ ಬಸ್ಸಿಗೆ ಹೊತ್ತಾಯ್ತು. ಜವಳಿ ಗಂಟು ಅಂಗಡೀಲೇ ಇರ್ಲಿ."

ಜವಳಿ ಗಂಟು ಅಂಗಡಿಯಲ್ಲೇ ಇರಲಿ ಎಂದರೆ ಸಂಬಂಧ ಮುರಿಯಿತು ಎಂದೇ ಅರ್ಥ. ನಿಸರ್ಗಳ ಮುಖ ಬಿಳಿಚಿಕೊಂಡಿತು. ಸುಧಳ ಕಣ್ಣಿನಲ್ಲಿ ತಿಮ್ಮೇಶ ತನ್ನದೇ ಹಾರ ಹಾಕಿದ ಫೋಟೋ ಕಂಡ. ಈಗ ಅವನಿಗೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡಿದ್ದರೆ ತಾಲ್ಲೂಕಿಗೆ ದೊಡ್ಡ ವಿಮರ್ಶಕನೆಂಬ ಹೆಸರು ಉಳಿಯುತ್ತದೆ, ನಾದಿನಿಯ ಮದುವೆ ಹೋಗುತ್ತದೆ. ಬಾಯಿ ಬಿಟ್ಟರೆ ಮದುವೆ ಉಳಿಯಬಹುದು, ಮಾನ ಮಾತ್ರ ಹೋಗುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು, ಅಂದರೆ ಅರ್ಧರ್ಧ ಕಷ್ಟಪಟ್ಟು, ಗಳಿಸಿದ ಮಾನ!

"ಅಮ್ಮ, ನಮ್ಮ ಹಸು ಮೇಲಾಣೆ," ಎಂದ ತಿಮ್ಮೇಶ. "ನಾನು ಈ ಪಿಚ್ಚರ್ನ ಇಂಟರ್ವಲ್ ಗಂಟ ಮಾತ್ರ ನೋಡಿದ್ದು."

"ಅಂದ್ರೆ?"

"ಅಂದ್ರೆ... ಯಾವ್ ಪಿಚ್ಚರ್ನೂ ನಾನು ಇಂಟರ್ವಲ್ ಆದ್ಮೇಲೆ ನೋಡಿಲ್ಲ ಕಣಮ್ಮ. ಹಾಲು ಕರಿಯಾಕೆ ಎದ್ದೋಗ್ಬುಡ್ತೀನಿ. ಆ ಯಮ್ಮ ವಿಷ ಹಾಕ್ತಾಳೆ ಅಂತ ನಂಗೇನ್ ಗೊತ್ತು? ಅವ್ಳು ಅತ್ತಾಗ ನಾನೂ ಅತ್ತುಬುಟ್ಟಿದ್ದೆ!"

ಸುಧ ಬಾಯಿ ಬಿಟ್ಟಳು. "ಹಂಗಾದ್ರೆ ನಂಗೆ ಹೇಳಿದ್ ಕತೆಗಳು? ಕೊನೇಲಿ ಹೀರೋ ಸಾಯ್ತಾನೆ ಅಂತ ಹೋದ್ವಾರ ನನ್ನ ಅಳ್ಸಿದ್ರಲ್ಲ?"

"ಇಂಟರ್ವಲ್‌ಗೆ ಗುಂಡು ಬಿದ್ದಿತ್ತು ಕಣೇ. ಬದುಕಿರಾಕಿಲ್ಲ ಅಂತ ನಾನೇ ಅಂದ್ಕಂಡೆ."

ಆಗ ನಿಸರ್ಗ ಕೈಯಲ್ಲಿ ಹಿಡಿದೇ ಬಂದಿದ್ದ ಅರ್ಧ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ, ಮತ್ತೆ ಕೈ ಚಾಚಿದಳು. "ಇನ್ನೊಂದು ಕೊಡಿ, ಅತ್ತೆ."

ಅವಳು ಅತ್ತೆ ಎಂದದ್ದು ಅದೇ ಮೊದಲು. ಜಯಲಕ್ಷ್ಮಮ್ಮ ಡಬ್ಬಿಯನ್ನೇ ಅವಳ ಕೈಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಎಲ್ಲರೂ ಹೆದರಿದರು. ಅವರು ನಗುತ್ತಿದ್ದರು, ಭುಜ ಕುಣಿಯುವಷ್ಟು. "ಏನೂಂದ್ರೆ, ಹೋಗಿ ಗಂಟು ಈಸ್ಕಬನ್ನಿ. ಇವನನ್ನ ನಂಬಿ ಮದ್ವೆ ಮುರ್ಕಂಡ್ರೆ ನಾವೂ ಅರ್ಧ ಬುದ್ಧಿಯೋರೇ ಆಯ್ತೀವಿ!" ತಿಮ್ಮೇಶನಿಗೆ ಹೋದ ಜೀವ ಬಂದಂತಾಯಿತು.

ಮದುವೆ ಉಳಿಯಿತು. ಇನ್ನು ಊರಿಗೆ ಯಾವ ಮುಖ ತೋರಿಸುವುದು? ಸುದ್ದಿ ಬೇರೆಯವರ ಬಾಯಿಂದ ಹೋಗುವ ಮುಂಚೆ ತಾನೇ ಹೇಳುವುದು ಮೇಲೆಂದು ಸೋಮವಾರ ಬೆಳಿಗ್ಗೆ ತಿಮ್ಮೇಶ ತಲೆ ತಗ್ಗಿಸಿಕೊಂಡು ಡೈರಿಗೆ ಹೋದ. ಸಾಲಿನಲ್ಲಿ ನಿಂತೇ, ಹಾಲು ಅಳೆಯುವ ತಮ್ಮಯ್ಯನಿಗೆ ಕೇಳುವಂತೆ ಎಲ್ಲ ಒಪ್ಪಿಕೊಂಡ. "ಇಷ್ಟು ವರ್ಷ ನಿಮಗೆಲ್ಲ ಮೋಸ ಮಾಡ್ಬುಟ್ಟೆ ಕಣಣ್ಣ. ಅರ್ಧ ನೋಡ್ಕಬಂದು ಪೂರ್ತಿ ತೀರ್ಪು ಕೊಡ್ತಿದ್ದೆ."

ಯಾರೂ ಬೆಚ್ಚಿಬೀಳಲಿಲ್ಲ. ತಮ್ಮಯ್ಯ ಹಾಲಿನಿಂದ ಕಣ್ಣೆತ್ತಲೂ ಇಲ್ಲ.

"ಅದೇನ್ ಹೊಸ್ದಾಗಿ ಹೇಳ್ತಿದ್ದೀಯಲಾ? ಮ್ಯಾಟನಿ ಬುಡೋಕ್ ಮುಂಚೇನೇ ನಿನ್ನ ಹಾಲು ನನ್ ಮುಂದಿರ್ತಿತ್ತು. ಊರ್ಗೆಲ್ಲ ಗೊತ್ತಿರೋದೇ."

"ಮತ್ಯಾಕಣ್ಣ ವಾರವಾರ ನನ್ನೇ ಕೇಳ್ತಿದ್ರಿ?"

"ಬ್ಯಾರೆಯೋರ್ನ ಕೇಳಿದ್ರೆ ಕೊನೇಲಿ ಏನಾಯ್ತು ಅಂತ ಹೇಳ್ಬುಟ್ಟು ಮಜಾ ಕೆಡಿಸ್ತಾರೆ. ನಿಂಗೆ ಗೊತ್ತಿದ್ರೆ ತಾನೇ ಹೇಳೋಕೆ? ಇಡೀ ತಾಲ್ಲೂಕಲ್ಲಿ ನಂಬಿಕಸ್ತ ಅಂದ್ರೆ ನೀನೊಬ್ನೇ ಕಣ್ಲಾ!"

ತಿಮ್ಮೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ವಿಮರ್ಶಕನ ಹುಟ್ಟುಗುಣ ಹೋಗುತ್ತದೆಯೇ? ಎದೆಯುಬ್ಬಿಸಿ ನಿಂತ. "ಆಗಿದ್ದಾಗ್ಲಿ, ನೆನ್ನೆ ಪೂರ್ತಿ ನೋಡಿದ್ದೀನಿ. ಈಗ ಕೇಳಿ ನಿಜವಾದ ತೀರ್ಪು! ಆ ಅತ್ತೆ ಇದ್ದಾಳಲ್ಲ, ಅವ್ಳು..."

"ಮುಚ್ಲಾ ಬಾಯ್ನ!" ಇಡೀ ಸಾಲು ಒಟ್ಟಿಗೆ ಕೂಗಿತು. ಇಬ್ಬರು ಕಿವಿ ಮುಚ್ಚಿಕೊಂಡರು, ಒಬ್ಬ ಕ್ಯಾನು ಕೆಳಗಿಟ್ಟು ಓಡಿಯೇ ಹೋದ.

"ಮಧ್ಯಾನ್ನ ನಾವೆಲ್ಲ ಅದೇ ಪಿಚ್ಚರ್‌ಗೆ ಹೋಯ್ತಿರೋದು," ಎಂದ ತಮ್ಮಯ್ಯ, ಖಾಲಿ ಕ್ಯಾನನ್ನು ತಿಮ್ಮೇಶನ ಕೈಗಿಡುತ್ತಾ. "ಪೂರ್ತಿ ನೋಡಿ ಕೆಟ್ಟೋದೆ ನೀನು. ನಾವು ಬರಗಂಟ ಮನೆ ಬುಟ್ಟು ಆಚೆ ಬರ್ಬ್ಯಾಡ, ನಡಿ!"