ಭಾವನವರ ದ್ವೀಪ ತಪಾಸಣೆ

ನಮ್ಮ ಭಾವ ಕಳ್ಳರು. ಸ್ಯಾನ್ ಹೊಸೆಯ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದುಕೊಂಡು, ಏಕಾದಶಿಗೆ ತಪ್ಪದೆ ಉಪವಾಸ ಮಾಡುತ್ತಿದ್ದ, ಧಾರವಾಡದ ಸಂಭಾವಿತ ಕಳ್ಳರು! ನಂಬಿಕೆ ಬರಲಿಲ್ಲವೇ? ನನ್ನ ಮನೆಯಿಂದ ಅವರು ಕದ್ದದ್ದನ್ನು ಹೇಳುತ್ತೇನೆ ಕೇಳಿ. ಹೂಕುಂಡದ ಮಣ್ಣು, ಹರಿದ ಚಪ್ಪಲಿಯ ಪಟ್ಟಿ, ಹಿಡಿ ಸುಟ್ಟ ಸೌಟು. ಇಂಥ ಕಳ್ಳನ ಮೇಲೆ ದೂರು ಕೊಡಲು ಹೋದರೆ ಪೊಲೀಸರು ಯಾರನ್ನು ಒಳಗೆ ಹಾಕುತ್ತಾರೆ ಎಂಬುದೇ ನನಗೆ ಅನುಮಾನ.

ಇದಕ್ಕೆಲ್ಲ ಮೂಲ ಅವರ ಆಫೀಸಿನ ಗೋಡೆಯ ಮೇಲಿದ್ದ ಪ್ರಪಂಚದ ನಕ್ಷೆ. ಕಾಫಿ ಕುಡಿಯುವ ಕೋಣೆಯಲ್ಲಿ ಅದನ್ನು ಯಾರೋ ತೂಗುಹಾಕಿದ್ದರು. ಒಂದು ಬೆಳಗ್ಗೆ ಕೊರಿಯಾಕ್ಕೂ ಜಪಾನಿಗೂ ನಡುವಿನ ಸಮುದ್ರದಲ್ಲಿ ಪೆನ್ನಿನಿಂದ ಒಂದು ಚುಕ್ಕೆ ಬಿದ್ದಿತ್ತು, ಪಕ್ಕದಲ್ಲಿ ‘ಡೋಕ್ಡೊ’ ಎಂಬ ಕೊರಿಯಾದ ಹೆಸರು. ಮರುದಿನ ಅದನ್ನು ಹೊಡೆದುಹಾಕಿ ಜಪಾನಿನ ಹೆಸರು ‘ತಾಕೆಶಿಮಾ’. ಅದರ ಮರುದಿನ ಅದಕ್ಕೂ ಕಾಟು. ವಾರದೊಳಗೆ ಆ ಜಾಗದಲ್ಲಿ ಕಾಗದವೇ ತೂತಾಯಿತು. ಉಳಿದವರು ಕಾಫಿ ಕುಡಿದು ಹೋದರು, ಭಾವ ಲೈಬ್ರರಿಗೆ ಹೋದರು. ಅಲ್ಲಿಂದ ಅವರು ಮೊದಲಿನ ಮನುಷ್ಯರಾಗಿ ವಾಪಸು ಬರಲೇ ಇಲ್ಲ.

“ಯಾರದು ಅಂತ ನಾ ಹೇಳೂದಿಲ್ಲ. ಅದಕ್ಕ ದೊಡ್ಡ ದೊಡ್ಡ ಮಂದಿ ಅದಾರ. ಹೆಂಗ ಆಡಳಿತ ಮಾಡಿದ್ರು, ಅದನ್ನ ಕೇಳು,” ಎನ್ನುತ್ತಿದ್ದರು. ಬೇಡವೆಂದರೂ ಕೇಳಲೇಬೇಕಿತ್ತು.

ಕೇಳಿದ್ದು ಇಷ್ಟು. ನಕ್ಷೆಯ ಆ ಚುಕ್ಕೆ ಎಂದರೆ ಬರೀ ಎರಡು ಬಂಡೆಗಳು. ಅವಕ್ಕೆ ಹತ್ತಿರದಲ್ಲಿ ಉಲ್ಲುಂಗ್ ಎಂಬ ದೊಡ್ಡ ದ್ವೀಪವಿದೆ. ಕೊರಿಯಾದ ರಾಜರು ನೂರಾರು ವರ್ಷ ಅಲ್ಲಿ ಯಾರೂ ವಾಸ ಮಾಡಕೂಡದೆಂದು ಅಪ್ಪಣೆ ಮಾಡಿದ್ದರಂತೆ. ಕಡಲ್ಗಳ್ಳರ ಭಯ, ತೆರಿಗೆ ತಪ್ಪಿಸಿ ಓಡಿಹೋಗುವವರ ಕಾಟ. ಆದರೆ ಖಾಲಿ ಬಿಟ್ಟ ದ್ವೀಪ ಕೈಬಿಟ್ಟ ದ್ವೀಪವಲ್ಲ! ಎರಡು ಮೂರು ವರ್ಷಕ್ಕೊಮ್ಮೆ ಅನುಕೂಲದ ಗಾಳಿ ನೋಡಿಕೊಂಡು ಒಬ್ಬ ಅಧಿಕಾರಿ ದೋಣಿ ಹತ್ತುತ್ತಿದ್ದ. ಅವನು ಹೋಗದೆಯೇ ಹೋಗಿ ಬಂದೆ ಎಂದುಬಿಟ್ಟರೆ? ಅದಕ್ಕೆ ಪುರಾವೆ ತರಬೇಕಿತ್ತು. ಅಲ್ಲಿನ ಕೆಂಪು ಮಣ್ಣು, ಪರಿಮಳದ ಮರದ ತುಂಡು, ಕಡಲಸಿಂಹದ ಚರ್ಮ, ಜೊತೆಗೊಂದು ನಕ್ಷೆ.

ಇನ್ನು ನನ್ನ ಕಥೆ. ಮೈಸೂರಿನಿಂದ ಬಂದ ನಾನು ಎರಡು ವರ್ಷ ಸ್ಯಾನ್ ಹೊಸೆಯ ಬೆರ್ರಿಯೆಸಾ ಬಡಾವಣೆಯಲ್ಲಿ ಅಕ್ಕ-ಭಾವನ ಮನೆಯಲ್ಲೇ ಇದ್ದೆ. ಒಂದು ಭಾನುವಾರ ಅಕ್ಕ ನನಗೊಂದು ಮಾತೂ ಹೇಳದೆ ಒಬ್ಬ ಗಂಡನ್ನು ಊಟಕ್ಕೆ ಕರೆದಿದ್ದಳು. ಸುಳಿವು ಸಿಕ್ಕಿದ ನಾನು ಬೆಳಗ್ಗೆಯೇ ಆಫೀಸಿಗೆ ಪರಾರಿ. ಆ ಗಂಡು ಮೂರು ಸಲ ಬಿಸಿಬೇಳೆಭಾತ್ ಹಾಕಿಸಿಕೊಂಡು ಹೋದನಂತೆ. ಸಂಜೆ ನಾನು ಒಳಗೆ ಕಾಲಿಟ್ಟೊಡನೆ ಶುರುವಾಯಿತು.

“ನನ್ನ ಮನೇಲಿರೋ ತನಕ ನನ್ನ ಮಾತು ಕೇಳ್ಬೇಕು ಕಣೇ!”

“ಹಾಗಿದ್ರೆ ಇರಲ್ಲ ಬಿಡು!”

“ಹೋಗು! ನೀನು ಎಲ್ಲೇ ಇರು, ನಿನ್ನ ಮನೆ ಮೆಟ್ಟಿಲು ನಾನು ತುಳಿದ್ರೆ ಕೇಳು!”

ನಮ್ಮ ವಂಶದಲ್ಲಿ ಆಸ್ತಿ ಇಲ್ಲ, ಹಟ ಬೇಕಾದಷ್ಟಿದೆ. ನಾನು ಎರಡು ಸೂಟ್‌ಕೇಸು ಎತ್ತಿಕೊಂಡೆ. ಅಕ್ಕನ ಕರಿಬೇವಿನ ಗಿಡದ ಬುಡದಲ್ಲಿ ಹುಟ್ಟಿದ್ದ ಮರಿಯೊಂದನ್ನು ಹೇಳದೆ ಕೇಳದೆ ಕಿತ್ತುಕೊಂಡೆ. ಅಲ್ಲಿಂದ ಒಂದು ಗಂಟೆ ದಾರಿಯ, ಓಕ್ಲೆಂಡಿನ ಪಕ್ಕದ ಎಮರಿವಿಲ್‌ನಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟು ಹಿಡಿದೆ. ಆಮೇಲೆ ಸುಮಾರು ಒಂದು ವರ್ಷ ಅಕ್ಕನಿಗೂ ನನಗೂ ಮಾತಿಲ್ಲ, ಫೋನಿಲ್ಲ.

ಭಾವ ಮಾತ್ರ ಎರಡು ಶನಿವಾರಕ್ಕೊಮ್ಮೆ ಬರುತ್ತಿದ್ದರು. ರೇಡಿಯೋದಲ್ಲಿ ಫ್ರೀವೇ ಟ್ರಾಫಿಕ್ಕಿನ ಸುದ್ದಿ ಕೇಳಿ, “ಗಾಳಿ ಅನುಕೂಲ ಐತಿ, ಹೊಂಟೇನಿ,” ಎಂದು ಫೋನು ಮಾಡುವುದು. ಮೊದಲ ಸಲ ಬರಿಗೈಲಿ ಬಂದು ಕಾಫಿ ಕುಡಿದು ಹೋದರು. ಎರಡನೇ ಸಲ ಜೇಬಿನಿಂದ ಕ್ಯಾಮೆರಾ ರೋಲಿನ ಕರೀ ಡಬ್ಬಿ ತೆಗೆದು, ನನ್ನ ಕರಿಬೇವಿನ ಕುಂಡದಿಂದ ಒಂದು ಚಮಚ ಮಣ್ಣು ತುಂಬಿಕೊಂಡರು. ಎರಡು ಎಲೆ ಮುರಿದು ಕಾಗದದಲ್ಲಿ ಮಡಿಸಿದರು. ಆಮೇಲೆ ಟೇಪು ಹಿಡಿದು ಮನೆ ಅಳೆಯತೊಡಗಿದರು.

“ಭಾವ, ಇದೇನಿದು?”

“ತಪಾಸಣಿ.”

“ಯಾವ ರಾಜನಿಗೆ?”

“ಅದು ಆಡಳಿತದ ಗುಟ್ಟು. ಹೇಳಂಗಿಲ್ಲ. ಈ ಕುರ್ಚಿ ಹೊಸಾದು. ಯಾರು ಕೂಡ್ತಾರ?”

“ನಾನೇ ಕೂತ್ಕೋತೀನಿ ಭಾವ!”

“ದ್ವೀಪವಾಸಿ, ಒಬ್ಬಾಕಿ,” ಎಂದು ಬರೆದುಕೊಂಡರು.

ಮುಂದಿನ ಸಲ ಬಾಗಿಲ ಬಳಿ ಬಿದ್ದಿದ್ದ ನನ್ನ ಹರಿದ ಚಪ್ಪಲಿಯ ಪಟ್ಟಿಯನ್ನು ಕಂಡು ಅವರ ಮುಖ ಅರಳಿತು. ಕಡಲಸಿಂಹದ ಚರ್ಮ ಸಿಕ್ಕಿತಂತೆ! ನನ್ನ ತಲೆಯಲ್ಲಿ ಓಡಿದ್ದು ಬೇರೆ. ಇವರು ನನ್ನ ದಟ್ಟದಾರಿದ್ರ್ಯಕ್ಕೆಲ್ಲ ಸಾಕ್ಷಿ ಕೂಡಿಸಿ ಅಕ್ಕನಿಗೆ ಒಪ್ಪಿಸುತ್ತಿದ್ದಾರೆ, ಅವಳು ಅದನ್ನು ನೋಡಿ ‘ಹೇಳಿರಲಿಲ್ಲವಾ’ ಎಂದು ಖುಷಿಪಡುತ್ತಿದ್ದಾಳೆ! ಕೂಡಲೇ ದುಬಾರಿ ಬಾಣಲೆಯೊಂದನ್ನು ತಂದು ಒಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಭಾವ ಅದನ್ನು ಕಣ್ಣೆತ್ತಿಯೂ ನೋಡದೆ ಸುಟ್ಟ ಸೌಟು ಎತ್ತಿಕೊಂಡು ಹೊರಟರು.

ನಕ್ಷೆಯೂ ಪ್ರತಿ ಸಲ ಬೆಳೆಯುತ್ತಿತ್ತು. ಗ್ರೋಸರಿ ಅಂಗಡಿ, ಲಾಂಡ್ರಿ. ನಾನು ಓಕ್ಲೆಂಡಿನ ಆಫೀಸಿನಿಂದ ಮನೆಗೆ ಬರುವ ಎರಡಂತಸ್ತಿನ ಫ್ರೀವೇ. ಅದರ ಪಕ್ಕದಲ್ಲಿ ಅವರ ಗುಂಡು ಅಕ್ಷರದಲ್ಲಿ, ‘ದಿನಾ ಸಂಜೆ ಐದು ಗಂಟೆ’.

ಒಮ್ಮೆ ನಾನೇ ಕೇಳಿದೆ. “ಕೊನೆಗೆ ಆ ದ್ವೀಪ ಏನಾಯ್ತು ಭಾವ?”

“ಬರೇ ತಪಾಸಣಿ ಮಾಡಿದ್ರ ಉಳಿಯಂಗಿಲ್ಲ ಅಂತ ರಾಜಗ ತಿಳೀತು. ಮಂದೀನ ಕಳಿಸಿದ. ಹೋಗಿ ಅಲ್ಲೇ ಇರ್ರಿ ಅಂದ,” ಎಂದರು. ಆಮೇಲೆ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ಅಕ್ಕನ ವಿಷಯ ನಾನು ಕೇಳಲಿಲ್ಲ. ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ಹಟ ಬಿಡಲಿಲ್ಲ.

ಎಂಬತ್ತೊಂಬತ್ತರ ಅಕ್ಟೋಬರ್. ಒಂದು ಮಂಗಳವಾರ ಬೇಸ್‌ಬಾಲ್ ಮ್ಯಾಚು ಇದೆಯೆಂದು ಬಾಸು ನಮ್ಮನ್ನೆಲ್ಲ ನಾಲ್ಕಕ್ಕೇ ಮನೆಗೆ ಕಳಿಸಿಬಿಟ್ಟ. ಬೇಸ್‌ಬಾಲಿನ ತಲೆಬುಡ ನನಗೆ ಇವತ್ತಿಗೂ ತಿಳಿಯದು. ಆದರೆ ಆ ಆಟದ ಋಣ ನನ್ನ ಮೇಲಿದೆ. ಐದು ದಾಟಿ ಕೆಲವು ನಿಮಿಷವಾಗಿತ್ತು, ನೆಲ ಅಲುಗಿತು. ಕಪಾಟು ಬಿತ್ತು, ಕಿಟಕಿ ಗಾಜು ಒಡೆಯಿತು, ಕರಿಬೇವಿನ ಕುಂಡ ನೆಲಕ್ಕೆ ಬಿದ್ದು ಚೂರಾಯಿತು. ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯವರ ಬ್ಯಾಟರಿ ರೇಡಿಯೋ ಹೇಳಿತು, ಎರಡಂತಸ್ತಿನ ಫ್ರೀವೇ ಕುಸಿದಿದೆ.

ನನ್ನ ಫ್ರೀವೇ. ದಿನಾ ಸಂಜೆ ಐದು ಗಂಟೆ. ಆ ನಕ್ಷೆ ಅಕ್ಕನ ಕೈಯಲ್ಲಿದೆ.

ಫೋನು ಎತ್ತಿದೆ. ಸದ್ದೇ ಇಲ್ಲ. ಒಂದು ವರ್ಷ ಮುಟ್ಟದೆ ಬಿಟ್ಟಿದ್ದ ನಂಬರನ್ನು ಅವತ್ತು ಎಷ್ಟು ಸಲ ತಿರುಗಿಸಿದೆನೋ ದೇವರೇ ಬಲ್ಲ. ಅವರ ಮನೆ ನಿಂತಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಬದುಕಿದ್ದೇನೆಂದು ಅವಳಿಗೆ ಹೇಳುವ ದಾರಿಯಿಲ್ಲ. ಯಾವ ರಸ್ತೆ ಹೋಗಿದೆ, ಯಾವುದು ಉಳಿದಿದೆ ಎಂದು ಯಾರಿಗೂ ತಿಳಿಯದು. ಒಂದು ಬಿಸಿಬೇಳೆಭಾತಿಗೆ ಇಷ್ಟು ದೊಡ್ಡ ಹಟ ಮಾಡಿದ ನನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದು ಅತ್ತೆ.

ಬೆಳಗ್ಗೆ ಬಾಗಿಲು ತಟ್ಟಿದ ಸದ್ದು. ಭಾವ! ಬೆಟ್ಟ ಬಳಸಿ, ಮುಚ್ಚಿದ ರಸ್ತೆಗಳನ್ನೆಲ್ಲ ಸುತ್ತಿ ಬಂದಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಜೇಬಿನಿಂದ ಡಬ್ಬಿ ತೆಗೆದು, ಒಡೆದ ಕುಂಡದ ಪಕ್ಕ ಮಂಡಿಯೂರಿ, ಮಣ್ಣು ತುಂಬತೊಡಗಿದರು.

“ಭಾವ! ನಾನೇ ಇಲ್ಲಿ ನಿಂತಿದೀನಲ್ಲ!”

“ಸುಮ್ನಿರವಾ. ಪುರಾವೆ ಇಲ್ಲಂದ್ರ ಅಕಿ ನಂಬಂಗಿಲ್ಲ.”

“ಅಕ್ಕ ಎಲ್ಲಿ?”

“ಕೆಳಗ. ಕಾರಿನಾಗ. ಮೆಟ್ಲ ತುಳಿಯೂದಿಲ್ಲ ಅಂತ ಅಂದಾಳಲ್ಲ.”

ನಾನು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ಅಕ್ಕ ಕಾರಿನಲ್ಲಿ ನೈಟಿಯ ಮೇಲೆ ಸ್ವೆಟರು ಹಾಕಿಕೊಂಡು ಕೂತಿದ್ದಳು. ನೆಲ ನಡುಗಿದಾಗ ಎಲ್ಲರೂ ಪಾಸ್‌ಪೋರ್ಟು, ಒಡವೆ ಹಿಡಿದು ಹೊರಗೆ ಓಡುತ್ತಾರೆ. ನಮ್ಮಕ್ಕ ಹಿಡಿದು ಓಡಿಬಂದದ್ದು ಬಿಸ್ಕತ್ತಿನ ಒಂದು ನೀಲಿ ಡಬ್ಬ. ಅದು ಅವಳ ತೊಡೆಯ ಮೇಲಿತ್ತು, ಮುಚ್ಚಳ ತೆರೆದಿತ್ತು. ಒಳಗೆ ಸಾಲಾಗಿ ಕರೀ ಡಬ್ಬಿಗಳು, ಒಂದೊಂದರ ಮೇಲೂ ಅವಳ ಕೈಬರಹದಲ್ಲಿ ತಾರೀಖು. ಒಣಗಿದ ಕರಿಬೇವು. ಸುಟ್ಟ ಸೌಟು. ಚಪ್ಪಲಿ ಪಟ್ಟಿ.

ಅವಳು ಬಾಗಿಲು ತೆರೆದು ನನ್ನ ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು.

“ಚಪ್ಪಲಿ ಕಿತ್ತು ಎಷ್ಟು ತಿಂಗಳಾಯ್ತೇ? ಇನ್ನೂ ಹೊಸದು ತಗೊಂಡಿಲ್ವಾ?”

“ನೀನ್ಯಾಕೆ ಇವನ್ನೆಲ್ಲ ತರಿಸ್ಕೊಂಡೆ?”

“ನಾನೆಲ್ಲಿ ತರಿಸ್ದೆ? ಮೊದಲನೇ ಸಲ ನಿನ್ನ ಭಾವ ವಾಪಸು ಬಂದು ‘ಚೆನ್ನಾಗಿದಾಳೆ’ ಅಂದ್ರು. ಸುಳ್ಳು, ನೀವು ಹೋಗೇ ಇಲ್ಲ ಅಂತ ಅತ್ಬಿಟ್ಟೆ. ಅಷ್ಟೇ ಕಣೇ.”

ಅಷ್ಟಕ್ಕೇ ಭಾವ ವರ್ಷಪೂರ್ತಿ ನನ್ನ ಮನೆಗೆ ಕನ್ನ ಹಾಕಿದ್ದರು. ಅವಳ ಕಣ್ಣೀರು ನಿಲ್ಲಿಸಲು ಅವರಿಗೆ ಲೈಬ್ರರಿಯಲ್ಲಿ ಸಿಕ್ಕಿದ ಉಪಾಯ ಅದೊಂದೇ. ನಾನು ಅವರನ್ನು ಹುಚ್ಚರೆಂದು ನಕ್ಕಿದ್ದೆ. ನಮ್ಮ ಮೂವರಲ್ಲಿ ಬುದ್ಧಿ ನೆಟ್ಟಗಿದ್ದವರು ಅವರೊಬ್ಬರೇ.

ಅಕ್ಕ ಮೆಟ್ಟಿಲ ಮುಂದೆ ಒಂದು ಗಳಿಗೆ ನಿಂತಳು. ನನ್ನ ಕೈ ಗಟ್ಟಿಯಾಗಿ ಹಿಡಿದು ಹತ್ತಿಯೇಬಿಟ್ಟಳು. ಹೋದವಳೇ ಪೊರಕೆ ಹುಡುಕಿ ಗಾಜು ಗುಡಿಸತೊಡಗಿದಳು. ನಾಲ್ಕು ದಿನ ಇಲ್ಲೇ ಇರುತ್ತೇನೆ, ಯಾರ ಅಪ್ಪಣೆಯೂ ಬೇಕಿಲ್ಲ ಎಂದಳು.

ಭಾವ ನನ್ನ ದುಬಾರಿ ಬಾಣಲೆಯನ್ನು ಕೊನೆಗೂ ಕೈಗೆತ್ತಿಕೊಂಡರು. ನೆಲದಲ್ಲಿ ಚೆಲ್ಲಿದ್ದ ಮಣ್ಣನ್ನು ಅದರಲ್ಲಿ ಬಳಿದು ಹಾಕಿ, ಬೇರು ಬಿಟ್ಟುಕೊಂಡು ಬಿದ್ದಿದ್ದ ಕರಿಬೇವನ್ನು ನೆಟ್ಟರು. ಮಣ್ಣು ಸಾಲಲಿಲ್ಲ. ಆಗ ಅಕ್ಕನ ಬಿಸ್ಕತ್ತಿನ ಡಬ್ಬ ತರಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಂಡರು. ತಾರೀಖು ಓದಿಕೊಳ್ಳುತ್ತ, ವರ್ಷವಿಡೀ ಒಯ್ದಿದ್ದ ಮಣ್ಣನ್ನು ಒಂದೊಂದೇ ಡಬ್ಬಿಯಿಂದ ತೆಗೆದು ಗಿಡದ ಬುಡಕ್ಕೆ ಸುರಿದರು.