ಅವ್ವನ ಉಪವಾಸ ಮತ್ತು ನನ್ನ ಸಸ್ಯಶಾಸ್ತ್ರ

ಪಾಠ ಹೇಳುವವನಿಗೆ ಬರಬಹುದಾದ ದೊಡ್ಡ ಸಂಕಟವೆಂದರೆ ಯಾರೂ ಕಲಿಯದೇ ಇರುವುದು ಎಂದು ನಾನು ಬಹಳ ವರ್ಷ ನಂಬಿದ್ದೆ. ಅದಕ್ಕಿಂತ ದೊಡ್ಡದೊಂದು ಇದೆ ಎಂದು ಈಚೆಗೆ ತಿಳಿಯಿತು. ಅದು, ಯಾರಾದರೂ ನಿಜವಾಗಿಯೂ ಕಲಿತುಬಿಡುವುದು. ಮೊದಲನೆಯದು ಬೇಗ ರೂಢಿಯಾಗುತ್ತದೆ, ಮೇಲಾಗಿ ತಿಂಗಳಿಗೊಮ್ಮೆ ಸಂಬಳವೂ ಬರುತ್ತದೆ. ಎರಡನೆಯದಕ್ಕೆ ನಾನು ತಯಾರಿರಲಿಲ್ಲ. ನನ್ನ ಮಟ್ಟಿಗೆ ಅದು ಕಾಲೇಜಿನಲ್ಲಿ ಆಗಲೇ ಇಲ್ಲ, ಮನೆಯ ಅಡುಗೆಮನೆಯಲ್ಲಿ ಆಯಿತು.

ನಾನು ಜೀವಶಾಸ್ತ್ರದ ಉಪನ್ಯಾಸಕ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ, ಕಾಲೇಜು ಕಮಲಾಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಇವತ್ತು ಇವರಿಗೆ ಹೇಗಾದರೂ ತಿಳಿಸಿಯೇ ತೀರುತ್ತೇನೆ ಎಂಬ ಹುಮ್ಮಸ್ಸಿರುತ್ತದೆ. ಸಂಜೆ ಅದೇ ಬಸ್ಸಿನಲ್ಲಿ ಬರುವಾಗ ಸೀಟು ಸಿಕ್ಕರೆ ಸಾಕಾಗಿರುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಎರಡು ಸೂಕ್ಷ್ಮದರ್ಶಕಗಳಿವೆ, ಒಂದರಲ್ಲಿ ಏನೂ ಕಾಣುವುದಿಲ್ಲ, ಇನ್ನೊಂದರಲ್ಲಿ ನೋಡುವವನ ರೆಪ್ಪೆಗೂದಲು ಕಾಣುತ್ತದೆ. ಒಂದು ತಲೆಬುರುಡೆಯೂ ಇದೆ. ಅದರ ಕೆಳದವಡೆ ನಾನು ಬರುವ ಮೊದಲೇ ಕಳೆದುಹೋಗಿದೆ. ಪ್ರತಿ ವರ್ಷ ದಸರೆಯ ಖಂಡೇಪೂಜೆಯ ದಿನ ನಮ್ಮ ಅಟೆಂಡರ್ ಪ್ರಯೋಗಾಲಯದ ಎಲ್ಲ ಸಾಮಾನುಗಳಿಗೂ ಪೂಜೆ ಮಾಡುತ್ತಾನೆ, ಆ ಬುರುಡೆಯ ಹಣೆಗೂ ಮೂರು ಬೆರಳಿನಿಂದ ವಿಭೂತಿ ಹಚ್ಚುತ್ತಾನೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಒಂದು ಲಾಭವಾಗಿದೆ: ಪರೀಕ್ಷೆಯಲ್ಲಿ ಹಣೆಯ ಮೂಳೆ ಯಾವುದು ಎಂದರೆ ಎಲ್ಲರೂ ತಪ್ಪದೆ ತೋರಿಸುತ್ತಾರೆ. ಹಿಂದಲೆಯ ಮೂಳೆ ಕೇಳಿದರೆ ಮಾತ್ರ ಬುರುಡೆಯನ್ನು ಗಿರಗಿರನೆ ತಿರುಗಿಸಿ, ಕೊನೆಗೆ ಮತ್ತೆ ವಿಭೂತಿಯ ಮೇಲೇ ಬೆರಳಿಡುತ್ತಾರೆ.

ಸಸ್ಯಗಳ ವರ್ಗೀಕರಣದ ಕಥೆ ಇನ್ನೂ ಕಷ್ಟದ್ದು. ತೊಗರಿ ಯಾವ ಕುಟುಂಬಕ್ಕೆ ಸೇರಿದ್ದು ಎಂದು ತೊಗರಿ ಬೆಳೆಯುವ ಮನೆಯ ಹುಡುಗನನ್ನು ಕೇಳಿದೆ. ಅವನು ಬಹಳ ಯೋಚಿಸಿ, ನಮ್ಮದು ಅವಿಭಕ್ತ ಕುಟುಂಬರೀ ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಳೆ ಮರವಲ್ಲ, ದೊಡ್ಡ ಮೂಲಿಕೆ, ಅದರ ಕಾಂಡ ಎನ್ನುವುದು ಎಲೆಯ ಬುಡಗಳು ಸುತ್ತಿಕೊಂಡದ್ದು ಎಂದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನಿಂತು ಹೇಳಿದರೆ ಇಡೀ ತರಗತಿ ನನ್ನನ್ನು ಕನಿಕರದಿಂದ ನೋಡುತ್ತದೆ. ಗಿಡದ ಕುಲಗೋತ್ರ ತಲೆಗೆ ಹತ್ತದ ಈ ಮಕ್ಕಳಿಗೆ ಪಕ್ಕದ ಬೆಂಚಿನವನು ಯಾವ ಪೈಕಿ ಎನ್ನುವುದು ಮೊದಲ ದಿನವೇ ಗೊತ್ತಿರುತ್ತದೆ. ಅಂದರೆ ವರ್ಗೀಕರಣದ ಬುದ್ಧಿ ಇಲ್ಲವೆಂದಲ್ಲ. ಅದು ಎಲ್ಲಿ ಇರಬಾರದೋ ಅಲ್ಲಿ ಮಾತ್ರ ಇದೆ. ಇದನ್ನು ನೆನೆಸಿಕೊಂಡಾಗಲೆಲ್ಲ ಮನಸ್ಸು ಮುದುಡುತ್ತದೆ.

ಇಂಥ ದಿನಗಳಲ್ಲೇ ಒಂದು ಸೋಮವಾರ, ತರಗತಿಯಲ್ಲಿ ತೋರಿಸಲೆಂದು ಬದನೆಯ ಹೂವೊಂದನ್ನು ಡಬ್ಬಿಯಲ್ಲಿಟ್ಟುಕೊಳ್ಳುತ್ತಿದ್ದೆ. ಅವ್ವ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದಳು. ಸೋಮವಾರ ಅವಳ ಉಪವಾಸ. ಅನ್ನ, ರೊಟ್ಟಿ, ಬೇಳೆ, ಕಾಯಿಪಲ್ಲೆ ಯಾವುದೂ ಇಲ್ಲ. ಆಲೂಗಡ್ಡೆ, ಸಾಬೂದಾಣಿ, ಶೇಂಗಾ, ಗೆಣಸು, ಹಣ್ಣು ನಡೆಯುತ್ತದೆ. ಇದೇನು ಹೂವು ಎಂದು ಕೇಳಿದಳು. ಯಾರಾದರೂ ತಾವಾಗಿ ನನ್ನನ್ನು ಒಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಕರಗಿಹೋದೆ. ಅಲ್ಲೇ ನೆಲದ ಮೇಲೆ ಕೂತು ಐದು ದಳ ಕೂಡಿಕೊಂಡಿರುವುದನ್ನು ತೋರಿಸಿದೆ, ಫೋನಿನಲ್ಲಿ ಆಲೂಗಡ್ಡೆಯ ಹೂವಿನ ಚಿತ್ರ ತೆಗೆದು ಪಕ್ಕಕ್ಕೆ ಹಿಡಿದೆ, ನೋಡು, ಇವೆರಡೂ ಅಕ್ಕತಂಗಿಯರು ಎಂದೆ. ಅವ್ವ ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಹೆಚ್ಚಿದ ಆಲೂಗಡ್ಡೆಯನ್ನು ಬದಿಗೆ ಸರಿಸಿದಳು.

"ಬದನಿಕಾಯಿ ಉಪಾಸಕ್ಕ ನಡ್ಯಂಗಿಲ್ಲ. ಹಂಗಾರ ಇದೂ ನಡ್ಯಂಗಿಲ್ಲಲ್ಲ ತಮ್ಮಾ."

ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಅವಳ ತರ್ಕ ಮಾತ್ರ. ಎಷ್ಟು ನೇರ, ಎಷ್ಟು ಸ್ವಚ್ಛ! ನನ್ನ ತರಗತಿಯಲ್ಲಿ ಒಬ್ಬನಾದರೂ ಹೀಗೆ ಒಂದರಿಂದ ಇನ್ನೊಂದಕ್ಕೆ ಹೋದದ್ದುಂಟೇ? ಮುಂದಿನ ಸೋಮವಾರ ಅವಳು ಸಾಬೂದಾಣಿಯ ಬಗ್ಗೆ ಕೇಳಿದಾಗ ನಾನು ಮತ್ತೂ ಉತ್ಸಾಹದಿಂದ, ಅದು ಮರಗೆಣಸಿನ ಹಿಟ್ಟಿನಿಂದ ಆಗುತ್ತದೆ, ಮರಗೆಣಸು ಔಡಲದ ಬಳಗದ್ದು ಎಂದುಬಿಟ್ಟೆ. ಅವ್ವನ ಮುಖ ಹುಳ್ಳಗಾಯಿತು. ಔಡಲೆಣ್ಣೆ ಹೊಟ್ಟೆ ಕಟ್ಟಿದವರಿಗೆ ಕುಡಿಸುವುದು, ಎಳೆಗೂಸಿನ ನೆತ್ತಿಗೆ ಹಾಕುವುದು, ಅದರ ಬಳಗ ದೇವರ ಉಪವಾಸಕ್ಕೆ ಹೇಗಾದೀತು ಎಂದಳು. ನೆತ್ತಿ ಎಂದ ಕೂಡಲೇ ನಾನು ತಲೆಬುರುಡೆಗೆ ಹಾರಿದೆ. ಹುಟ್ಟಿದ ಕೂಸಿನ ನೆತ್ತಿಯ ಮೂಳೆಗಳ ನಡುವೆ ಸಂದು ಇರುತ್ತದೆ, ಮೇಲೆ ತೆಳು ಪೊರೆ ಮಾತ್ರ, ಎರಡು ವರ್ಷದೊಳಗೆ ಅದು ಕೂಡಿಕೊಳ್ಳುತ್ತದೆ ಎಂದು ಅವಳ ತಲೆಯನ್ನೇ ಮುಟ್ಟಿ ತೋರಿಸಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, ನಿನ್ನದು ಕೂಡಲು ಬಹಳ ತಡವಾಗಿತ್ತು, ನಿಮ್ಮಪ್ಪ ಹೆದರಿದ್ದರು, ಇನ್ನೂ ಒಮ್ಮೆ ನೋಡಿಕೋ ಎಂದಳು.

ಶೇಂಗಾ ತೊಗರಿಯ ಕುಟುಂಬದ್ದು ಎಂದು ತಿಳಿಯಲು ಅವಳಿಗೆ ನನ್ನ ಸಹಾಯವೇ ಬೇಕಾಗಲಿಲ್ಲ. ಗಿಡದ ಎಲೆ, ಹೂವು ನೆನಪಿಸಿಕೊಂಡು ತಾನೇ ಹೇಳಿದಳು, ನಾನು ಹೌದೆಂದು ಶಹಬ್ಬಾಸ್ ಕೊಟ್ಟೆ. ಗೆಣಸು ಆಲೂಗಡ್ಡೆಗೆ ಏನಾಗಬೇಕು ಎಂದಾಗ ದೂರದ ದಾಯಾದಿ ಎಂದೆ. ದಾಯಾದಿ ಎಷ್ಟು ದೂರವಿದ್ದರೂ ಸೂತಕ ಮುಟ್ಟುತ್ತದೆ ಎಂದು ಅದನ್ನೂ ಬಿಟ್ಟಳು. ಖರ್ಜೂರ, ಬಾಳೆಹಣ್ಣು ಉಳಿದಿದ್ದವು. ಒಂದು ಸಂಜೆ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದು ಕೊಟ್ಟು, ಸುಮ್ಮನಿರಲಾರದೆ, ಜೋಳ, ಬಾಳೆ, ಖರ್ಜೂರ ಮೂರೂ ಏಕದಳ ಸಸ್ಯಗಳು, ಎಲೆಯ ನರ ನೋಡಿದರೆ ಗೊತ್ತಾಗುತ್ತದೆ ಎಂದೆ. ಜೋಳದ ರೊಟ್ಟಿ ನಡೆಯದ ಮೇಲೆ ಜೋಳದ ಬೀಗರೂ ನಡೆಯಲಿಲ್ಲ. ಸೇಬು, ದ್ರಾಕ್ಷಿ ಉಳಿದವಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಅವು ದವಾಖಾನೆಗೆ ಒಯ್ಯುವ ಹಣ್ಣುಗಳಂತೆ, ಗಟ್ಟಿಮುಟ್ಟಾಗಿರುವವರು ತಿನ್ನುವುದಲ್ಲವಂತೆ. ಕೊನೆಗೆ ಹಾಲು ಉಳಿಯಿತು. ಅದು ಸಸ್ಯಶಾಸ್ತ್ರಕ್ಕೆ ಬರುವುದಿಲ್ಲ ಎಂದು ನಾನು ನೆಮ್ಮದಿಯಿಂದಿದ್ದೆ. ಎಮ್ಮೆ ದಿನಾ ಜೋಳದ ಕಣಿಕೆಯನ್ನೇ ತಿನ್ನುತ್ತದೆ ಎಂಬುದನ್ನು ಅವ್ವ ಸ್ವಂತ ಬುದ್ಧಿಯಿಂದ ಕಂಡುಹಿಡಿದಳು.

ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಗುಳಿಗೆ ನುಂಗುತ್ತಾಳೆ. ಹಾಲನ್ನೂ ಬಿಟ್ಟ ಆ ಸೋಮವಾರ ಗುಳಿಗೆ ಮಾತ್ರ ನುಂಗಿ, ಮಧ್ಯಾಹ್ನ ದೇವರ ಮನೆಯ ಹೊಸ್ತಿಲ ಬಳಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಮೈಯೆಲ್ಲ ಬೆವರಂತೆ. ನನ್ನ ಹೆಂಡತಿ ಶಾಂತಾ ಸಕ್ಕರೆ ನೀರು ಕುಡಿಸಿ, ಆಟೋದಲ್ಲಿ ದವಾಖಾನೆಗೆ ಕರೆದೊಯ್ದಿದ್ದಳು. ನಾನು ಓಡಿಬಂದಾಗ ಡಾಕ್ಟರು, ಗುಳಿಗೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿದ್ದರೆ ಒಂದು ದಿನ ಎದ್ದೇಳುವುದಿಲ್ಲ, ಏನಾದರೂ ತಿನ್ನಿಸಿ ಎಂದರು. ಅವ್ವ ಮಲಗಿದ್ದಲ್ಲಿಂದಲೇ, ತಿನ್ನಲು ಏನೂ ಉಳಿದಿಲ್ಲವಲ್ಲ ಎಂದಳು. ನನಗೆ ಭಯವಾಯಿತು. ಇಷ್ಟು ವರ್ಷ ಪಾಠ ಮಾಡಿ ಯಾರಿಗೂ ಒಳ್ಳೆಯದು ಮಾಡಲಿಲ್ಲ ಎಂಬ ದುಃಖವಿತ್ತು, ಹೆತ್ತವಳನ್ನು ಉಪವಾಸ ಕೆಡವಿದೆ ಎಂಬುದು ಈಗ ಅದರ ಜೊತೆಗೆ ಸೇರಿತು. ದಾರಿಯುದ್ದಕ್ಕೂ ಮಾತಾಡದ ಶಾಂತಾ ಮನೆಯ ಬಾಗಿಲಲ್ಲಿ ಒಂದೇ ಮಾತು ಹೇಳಿದಳು.

"ನೀವ ಕಲಿಸೀರಿ, ನೀವ ಬಿಡಸ್ರಿ."

ಕಲಿಸುವ ತರಬೇತಿ ನನಗೆ ಸರ್ಕಾರ ಕೊಟ್ಟಿದೆ, ಬಿಡಿಸುವ ತರಬೇತಿ ಎಲ್ಲೂ ಇಲ್ಲ. ಇದು ಡಾಕ್ಟರು ಹೇಳಿದ ಪಥ್ಯ ಅಂದೆ, ಕೇಳಲಿಲ್ಲ. ಶಾಸ್ತ್ರದಲ್ಲಿ ಹೀಗಿಲ್ಲ ಅಂದೆ, ನಿನ್ನ ಶಾಸ್ತ್ರದಲ್ಲೇ ಹೀಗಿದೆಯಲ್ಲ ಎಂದಳು. ಮುಂದಿನ ಸೋಮವಾರ ಹತ್ತಿರ ಬಂದಂತೆ ನನಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಸುಳ್ಳಿಗೆ ಶರಣಾದೆ. ವಿಜ್ಞಾನಿಗಳು ದೊಡ್ಡ ಸಭೆ ಸೇರಿ ಗಿಡಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿದ್ದಾರೆ, ಆಲೂಗಡ್ಡೆಯನ್ನು ಬದನೆಯ ಕುಟುಂಬದಿಂದ ತೆಗೆದು ಬೇರೆ ಇಟ್ಟಿದ್ದಾರೆ, ಬಾಳೆಗೂ ಜೋಳಕ್ಕೂ ಸಂಬಂಧವಿಲ್ಲವೆಂದು ತೀರ್ಮಾನವಾಗಿದೆ ಎಂದು ಹೇಳಿದೆ. ಅವ್ವ ನನ್ನನ್ನೇ ನೋಡುತ್ತಾ, ಹಾಗಾದರೆ ಇಷ್ಟು ದಿನ ಮಕ್ಕಳಿಗೆ ತಪ್ಪು ಹೇಳಿದೆಯಾ ಎಂದು ಕೇಳಿದಳು. ನಾನು ನನ್ನ ವಿದ್ಯೆಯನ್ನೆಲ್ಲ ಹೊಟ್ಟೆಯೊಳಗೆ ಹಾಕಿಕೊಂಡು, ಹೌದು ಎಂದೆ. ಆ ಸೋಮವಾರ ಅವಳು ಆಲೂಗಡ್ಡೆ ಪಲ್ಯ ತಿಂದು, ಮೇಲೊಂದು ಬಾಳೆಹಣ್ಣು ತಿಂದಳು. ಶಾಂತಾ ನನ್ನೊಂದಿಗೆ ಮಾತಾಡಿದಳು. ಮನೆ ಮತ್ತೆ ಮನೆಯಾಯಿತು.

ಆದರೆ ಮಹಾಗಾಂವದಲ್ಲಿ ನನ್ನ ಅಕ್ಕ ಇದ್ದಾಳೆ, ಅಕ್ಕನ ಮಗಳು ಭಾಗ್ಯ ನನ್ನ ಕಾಲೇಜಿನಲ್ಲೇ ಓದುತ್ತಾಳೆ. ಮನೆಯಲ್ಲಿ ಮಾಮಾ, ಕಾಲೇಜಿನಲ್ಲಿ ಸರ್. ನಡುವೆ ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದಾಗ ಅವ್ವ ಮೊಮ್ಮಗಳಿಗೆ ಹೊಸ ಸುದ್ದಿಯನ್ನೆಲ್ಲ ಒಪ್ಪಿಸಿದ್ದಾಳೆ, ನನಗೆ ಗೊತ್ತೇ ಇಲ್ಲ. ಗೊತ್ತಾದದ್ದು ಪ್ರಾಯೋಗಿಕ ಪರೀಕ್ಷೆಯ ದಿನ. ಅದೂ ಸೋಮವಾರವೇ. ಬೇರೆ ಕಾಲೇಜಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದಿದ್ದರು. ಭಾಗ್ಯ ಬುರುಡೆಯಲ್ಲಿ ಹಿಂದಲೆಯ ಮೂಳೆಯನ್ನು ಸರಿಯಾಗಿ ತೋರಿಸಿದಳು, ನನಗೆ ಎದೆ ಉಬ್ಬಿತು. ಬದನೆಯ ಹೂವು ಕೊಟ್ಟರೆ ಸೊಲ್ಯಾನೇಸಿ ಎಂದಳು, ಟೊಮೆಟೊ, ಮೆಣಸಿನಕಾಯಿ, ತಂಬಾಕು ಇದೇ ಕುಟುಂಬ ಎಂದಳು. ಆಲೂಗಡ್ಡೆ ಎಂದು ಅವರು ನೆನಪಿಸಿದರು.

"ಇಲ್ರೀ ಸರ್. ಅದನ್ನ ಈಗ ತಗದಾರ್ರೀ."

ಯಾರು ತೆಗೆದದ್ದು ಎಂದು ಪರೀಕ್ಷಕರು ಕೇಳಿದರೆ, ಅವಳು ಅನುಮಾನವೇ ಇಲ್ಲದ ಕಣ್ಣಿನಿಂದ ನನ್ನ ಕಡೆ ನೋಡಿದಳು. ಪರೀಕ್ಷಕರೂ ನೋಡಿದರು. ಸುಮ್ಮನಿದ್ದರೆ ಹುಡುಗಿಯ ಅಂಕ ಹೋಗುತ್ತದೆ, ಬಾಯಿ ಬಿಟ್ಟರೆ ಸಂಜೆಯೊಳಗೆ ಸುದ್ದಿ ಬ್ರಹ್ಮಪುರ ಮುಟ್ಟುತ್ತದೆ, ಅವ್ವನ ತಟ್ಟೆ ಮತ್ತೆ ಬರಿದಾಗುತ್ತದೆ. ಹುಡುಗಿಯ ಮುಖ ಸಣ್ಣದಾಗುವುದನ್ನು ನೋಡಲಾಗಲಿಲ್ಲ. ಬದನೆಯ ಹೂವಿನಿಂದ ಹಿಡಿದು ಸಕ್ಕರೆ ನೀರಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಪರೀಕ್ಷಕರು ಪೆನ್ನು ಎತ್ತಿ ಹಿಡಿದೇ ಕೇಳಿಸಿಕೊಂಡರು. ಈ ಹುಡುಗಿ ಮಾಸ್ತರರ ಮಾತು ನಂಬಿದ್ದಾಳೆ, ಅದಕ್ಕೆ ಅಂಕ ಕಡಿಯಲು ಬರುವುದಿಲ್ಲ ಎಂದು ಪೂರ್ತಿ ಅಂಕ ಹಾಕಿದರು. ನನ್ನ ಮುಖ ಮಾತ್ರ ಮತ್ತೆ ನೋಡಲಿಲ್ಲ.

ಮನೆ ಮುಟ್ಟುವ ಹೊತ್ತಿಗೆ ಭಾಗ್ಯಳ ಫೋನು ಬಂದಾಗಿತ್ತು. ಅವ್ವ ಅಡುಗೆಮನೆಯಲ್ಲಿ ಆಲೂಗಡ್ಡೆ ಪಲ್ಯ ಮುಂದಿಟ್ಟುಕೊಂಡು, ಮುಟ್ಟದೆ ಕೂತಿದ್ದಳು. ಶಾಂತಾ ಗೋಡೆಗೆ ಒರಗಿ ನಿಂತಿದ್ದಳು. ಭಾಗ್ಯ ಹೇಳಿದ್ದು ಖರೇನಾ ಎಂದು ಅವ್ವ ಕೇಳಿದಳು. ಖರೆ ಎಂದೆ. ತಿನ್ನು ಅವ್ವಾ, ನಿನ್ನ ಕಾಲು ಹಿಡಿಯುತ್ತೇನೆ ಎಂದೂ ಹೇಳಿದೆ.

"ಮೊದಲ ಹೇಳಿದಾಗ ನಂಬಿ ಬಿಟ್ಟೆ. ಆಮ್ಯಾಲ ಹೇಳಿದಾಗ ನಂಬಿ ತಿಂದೆ," ಎಂದಳು ಅವ್ವ. "ಇನ್ನ ನಿನ್ನ ಕೇಳೂದು ಬ್ಯಾಡ. ನಮ್ಮವ್ವ ಉಪಾಸಕ್ಕ ಏನ್ ತಿಂತಿದ್ಳೋ ಅದನ್ನ ನಾನೂ ತಿಂತೀನಿ."

ಹಾಗೆಂದು ತಟ್ಟೆ ಹತ್ತಿರ ಎಳೆದುಕೊಂಡು ಪಲ್ಯ ತಿಂದಳು. ಸಾಬೂದಾಣಿ ಹಾಕಿಸಿಕೊಂಡಳು. ಶೇಂಗಾ ತಿಂದಳು. ಆಮೇಲೆ ಒಂದು ಲೋಟ ಹಾಲು ಕುಡಿದು ಕೈ ತೊಳೆದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಸ್ವಲ್ಪ ಬೇರೆಯದೂ ಇತ್ತು ಎಂದು ನಿಮಗೆ ಹೇಳಿದರೆ ತಪ್ಪಿಲ್ಲ. ನನ್ನ ಇಡೀ ನೌಕರಿಯಲ್ಲಿ ನನ್ನಿಂದ ಕಲಿತವಳು ಅವ್ವ ಒಬ್ಬಳು, ಅವಳೂ ಈಗ ನನ್ನ ಅಡುಗೆಮನೆಯ ಕಾಲೇಜು ಬಿಟ್ಟಳು. ಈಗ ಸೋಮವಾರ ಬೆಳಿಗ್ಗೆ ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಯಾವುದಾದರೊಂದು ಕಾಯನ್ನು ಎಲೆಸಮೇತ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ, ಇದೇನು ಎಂದು ಅವಳು ಕೇಳಿಯಾಳೇನೋ ಎಂದು. ಅವ್ವ ಒಮ್ಮೆ ನನ್ನನ್ನು ನೋಡುತ್ತಾಳೆ, ಒಮ್ಮೆ ಕಾಯಿಯನ್ನು ನೋಡುತ್ತಾಳೆ, ಮತ್ತು ಹೆಚ್ಚಿಕೊಡು ಎಂದು ಚಾಕು ಕೊಡುತ್ತಾಳೆ.