ನನ್ನ ಹೆಸರು ಕೇಳಬೇಡಿ

ನನ್ನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಸಂಕೋಚಕ್ಕಲ್ಲ, ಲೋಕಕಲ್ಯಾಣಕ್ಕಾಗಿ. ಬರೆದರೆ ನೀವು ಅದನ್ನು ಒಂದು ಥರ ಓದುತ್ತೀರಿ, ನಿಮ್ಮ ಮನೆಯವರು ಇನ್ನೊಂದು ಥರ ಓದುತ್ತಾರೆ, ಅಲ್ಲಿಗೆ ನೆಮ್ಮದಿಯಾಗಿದ್ದ ನಿಮ್ಮ ಸಂಸಾರದಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಆದದ್ದೇ ಅದು.

ನನಗೆ ಹೆಸರಿಟ್ಟವರು ಸೋದರತ್ತೆ, ಅಂದರೆ ಅಪ್ಪನ ಅಕ್ಕ. ಗಂಡನ ಅಕ್ಕ ಇಟ್ಟ ಹೆಸರನ್ನು ಇಟ್ಟ ಹಾಗೇ ಒಪ್ಪಿಕೊಂಡರೆ ಅಮ್ಮನ ಮರ್ಯಾದೆ ಏನಾಗಬೇಕು? ಶಾಲೆಗೆ ಸೇರಿಸುವ ದಿನ ಅಮ್ಮ ಆ ಹೆಸರಿನ ನಡುವಿನ ಅಕ್ಷರಕ್ಕೆ ಹೊಸದೊಂದು ಒತ್ತಕ್ಷರವನ್ನು ನೇತುಹಾಕಿಸಿಬಿಟ್ಟಳು. (ಅಲ್ಲಿ ಆಗಲೇ ಒಂದು ಒತ್ತಕ್ಷರ ವಾಸವಾಗಿತ್ತು. ಒಂದೇ ಕೋಣೆಯಲ್ಲಿ ಎರಡು ಸಂಸಾರ.) ಹೀಗೆ ಬಂದು ಸೇರಿಕೊಂಡ ಅಕ್ಷರ ಬಾಯಲ್ಲಿ ಬರಲೇಕೂಡದು ಎಂಬುದು ಅತ್ತೆಯ ವಾದ. ಬಂದರೆ ಸಾಲದು, ಪಕ್ಕದ ಬೀದಿಗೂ ಕೇಳಬೇಕು ಎಂಬುದು ಅಮ್ಮನ ವಾದ. ಅತ್ತೆಯ ಮನೆ ಇರುವುದು ಪಕ್ಕದ ಬೀದಿಯಲ್ಲೇ.

ಅಪ್ಪ ಬದುಕಿದ್ದಷ್ಟು ದಿನವೂ ನನ್ನನ್ನು ‘ಏಯ್’ ಎಂದು ಕರೆದು, ಇಬ್ಬರಿಗೂ ಒಳ್ಳೆಯವರಾಗಿಯೇ ಹೋದರು. ಹೆಂಡತಿ ಈ ಮನೆಗೆ ಬಂದ ವಾರದಲ್ಲೇ ಯುದ್ಧಭೂಮಿಯನ್ನು ಅವಲೋಕಿಸಿ ‘ರೀ’ ಎಂದು ಶುರು ಮಾಡಿದಳು. ಅದನ್ನು ನಾನು ಪತಿಭಕ್ತಿ ಎಂದುಕೊಂಡಿದ್ದೆ. ಅದು ಅಪ್ಪಟ ರಾಜನೀತಿ. ಬರಬರುತ್ತಾ ಆ ‘ರೀ’ ಹೆಚ್ಚಾಗಿ ಕೇಳಿಸುವುದು ಅಡುಗೆಮನೆಯ ಸಿಂಕಿನ ಕಡೆಯಿಂದ.

“ರೀ, ನಲ್ಲಿ ಸೋರ್ತಿದೆ.”

“ನಾಳೆ ನೋಡ್ತೀನಿ ಕಣೇ.”

“ನಿಮ್ಮ ನಾಳೆಗಳನ್ನೆಲ್ಲ ಬಕೆಟ್ಟಲ್ಲಿ ಹಿಡಿದಿಟ್ಟಿದೀನಿ, ಬಂದು ನೋಡಿ.”

ಇರಲಿ. ನನ್ನ ಉದ್ಯೋಗದ ವಿಷಯಕ್ಕೆ ಬರೋಣ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ‘ಮೇಲಿನ ಸಾಲು ಓದಿ, ಕೆಳಗಿನ ಸಾಲು ಓದಿ’ ಎಂದು ಊರಿನವರಿಗೆಲ್ಲ ಓದಿಸುವುದು ನನ್ನ ಕೆಲಸ. ಒಮ್ಮೆ ಮಾಲೀಕರಿಗೆ ಅದೇನು ಹೊಳೆಯಿತೋ, ನಮ್ಮೆಲ್ಲರ ಎದೆಗೂ ಹೆಸರಿನ ಬ್ಯಾಡ್ಜ್ ಅಂಟಿಸಿದರು. ಅವತ್ತೇ ನಿವೃತ್ತ ಮೇಷ್ಟ್ರೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಗೋಡೆಯ ಅಕ್ಷರಗಳನ್ನೆಲ್ಲ ಪಟಪಟನೆ ಓದಿದರು. ಆಮೇಲೆ ಕಣ್ಣು ನನ್ನ ಎದೆಯ ಮೇಲೆ ಬಿತ್ತು. ಹತ್ತಿರ ಬಂದರು, ದೂರ ಹೋದರು, ತುಟಿ ಅಲ್ಲಾಡಿಸಿದರು.

“ಇಲ್ಲಪ್ಪ, ಇನ್ನೂ ಸರಿಯಾಗಿಲ್ಲ,” ಎಂದರು.

ಗಾಜು ಬದಲಾಯಿಸಿದೆ. ಮತ್ತೆ ಅದೇ ಮಾತು. ಇನ್ನೊಂದು ಸಲ ಬದಲಾಯಿಸಿದೆ. ಕಡೆಗೆ ಅವರು, ತಮಗೆ ಬಂದಿರುವುದು ಕಣ್ಣಿನದಲ್ಲ, ತಲೆಯದೇ ಕಾಯಿಲೆ ಎಂದು ಹೆದರಿ ಬೆಂಚಿನ ಮೇಲೆ ಕುಸಿದು ಕುಳಿತರು. ಮಾಲೀಕರು ಓಡಿ ಬಂದು, “ಆ ಬ್ಯಾಡ್ಜ್ ತೆಗೆದು ಜೇಬಿಗೆ ಹಾಕ್ಕೊಳ್ರೀ ಮೊದಲು!” ಎಂದರು. ಅಂದಿನಿಂದ ನನ್ನ ಹೆಸರು ಜೇಬಿನಲ್ಲೇ ಇದೆ.

ಹೀಗಿರುವಾಗ ಅಂಗಡಿಯ ವಾರ್ಷಿಕೋತ್ಸವ ಬಂತು. ಹಳೆಯ ನೌಕರನೆಂದು ನನಗೆ ಸನ್ಮಾನ, ಒಂದು ಗೋಡೆ ಗಡಿಯಾರ, ಮನೆಯವರಿಗೆಲ್ಲ ಮುಂದಿನ ಸಾಲಿನಲ್ಲಿ ಕುರ್ಚಿ. ಸುದ್ದಿ ತಂದ ಸಂಜೆ ಅತ್ತೆ ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದರು.

“ಒಳ್ಳೇದೇ ಆಯ್ತು ಅತ್ತಿಗೆ,” ಎಂದಳು ಅಮ್ಮ. “ಮೈಕಲ್ಲಿ ಹೇಳ್ತಾರಲ್ಲ, ಯಾರು ಸರಿ ಅಂತ ನಾಲ್ಕು ಜನಕ್ಕೆ ಗೊತ್ತಾಗತ್ತೆ.”

“ನಾನೂ ಅದನ್ನೇ ಕಾಯ್ತಿದ್ದೆ ಕಣೇ,” ಎಂದರು ಅತ್ತೆ. “ಮೈಕಲ್ಲಿ ಬಂದಿದ್ದೇ ಕೊನೆ. ಸೋತವರು ಇನ್ನೊಬ್ಬರ ಮನೆ ಮೆಟ್ಟಿಲು ಹತ್ತಬಾರದು.”

“ಹಾಗೇ ಆಗಲಿ!”

ಜಗಳವಾಡುತ್ತಾರೆ ನಿಜ, ಆದರೆ ಅಮ್ಮನಿಗೆ ಅತ್ತೆ ಬಿಟ್ಟರೆ ಬೇರೆ ಗೆಳತಿ ಇಲ್ಲ, ಅತ್ತೆಗೆ ಅಮ್ಮನನ್ನು ಬಿಟ್ಟರೆ ಇಲ್ಲ. ಅತ್ತೆ ಬರುವುದು ಸ್ವಲ್ಪ ತಡವಾದರೂ ಅಮ್ಮ ಕಿಟಕಿಗೂ ಬಾಗಿಲಿಗೂ ಓಡಾಡುತ್ತಾಳೆ. ಒಂದು ಒತ್ತಕ್ಷರದ ದೆಸೆಯಿಂದ ಈ ಮನೆಯ ಸಂಜೆಗಳು ಹಾಳಾಗುವುದು ನನಗೆ ಖಂಡಿತ ಬೇಕಿರಲಿಲ್ಲ.

ಆಗಲೇ ನನ್ನ ತಲೆಯಲ್ಲಿ ಆ ಮಹಾನ್ ಉಪಾಯ ಹೊಳೆದದ್ದು. ನಿರೂಪಣೆ ಮಾಡಬೇಕಿದ್ದವರು ನಮ್ಮ ಕ್ಯಾಷಿಯರಮ್ಮ. ಅವರ ಮುಂದೆ ಕೈಮುಗಿದು ನಿಂತೆ.

“ನನ್ನ ಹೆಸರನ್ನೇ ಎತ್ತಬೇಡಿ ಮೇಡಂ. ‘ನಮ್ಮೆಲ್ಲರ ನೆಚ್ಚಿನ ಕಣ್ಣು ಪರೀಕ್ಷಕರು’ ಅಂದ್ಬಿಡಿ, ಸಾಕು.”

“ಅಯ್ಯೋ, ಬದುಕಿದೆ!” ಎಂದರು ಆಕೆ. “ವಾರದಿಂದ ನಿಮ್ಮ ಹೆಸರು ಬಾಯಿಪಾಠ ಮಾಡಿ ಮಾಡಿ ನಾಲಿಗೆ ಕಚ್ಕೊಂಡಿದೀನಿ.”

ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಅಮ್ಮ, ಅತ್ತೆ, ಇಬ್ಬರ ನಡುವೆ ಗಡಿಕಲ್ಲಿನಂತೆ ನನ್ನ ಹೆಂಡತಿ. ಕ್ಯಾಷಿಯರಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ‘ನಮ್ಮೆಲ್ಲರ ನೆಚ್ಚಿನ’ ಎಂದು ಕರೆದರು, ನಾನು ವೇದಿಕೆ ಹತ್ತಿದೆ, ಗಡಿಯಾರ ಕೈಗೆ ಬಂತು. ಗೆದ್ದೆ ಎಂದುಕೊಂಡು ಇಳಿಯಲು ತಿರುಗುವಷ್ಟರಲ್ಲಿ ಮಾಲೀಕರು ಮೈಕ್ ಕಿತ್ತುಕೊಂಡರು.

“ಒಂದ್ನಿಮಿಷ! ಇವರ ಹೆಸರನ್ನ ಸರಿಯಾಗಿ ಹೇಳೋದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಬಾಯಿಂದಲೇ ಕೇಳೋಣ. ಹೇಳಿ ಸಾರ್, ಜೋರಾಗಿ!”

ಮೈಕ್ ನನ್ನ ಕೈಗೆ ಬಂತು. ಅಮ್ಮ ಕುರ್ಚಿಯ ತುದಿಗೆ ಬಂದಿದ್ದಳು. ಅತ್ತೆ ಸೆರಗು ಸರಿಸಿ ಕಿವಿಯೊಡ್ಡಿದ್ದರು. ಆಗ ನನಗೆ ಒಂದು ಭಯಂಕರ ಸತ್ಯ ಗೊತ್ತಾಯಿತು. ನನ್ನ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಫೋನಿನಲ್ಲಿ ‘ನಾನು’ ಎನ್ನುತ್ತೇನೆ, ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ ‘ಹೌದು, ನಾನೇ’ ಎನ್ನುತ್ತೇನೆ. ಅಮ್ಮನ ಕಡೆ ನೋಡಿದೆ, ಅತ್ತೆಯ ಕಡೆ ನೋಡಿದೆ, ದಿಕ್ಕು ತೋಚದೆ ನಡುವೆ ಕುಳಿತಿದ್ದ ಹೆಂಡತಿಯ ಕಡೆ ನೋಡಿದೆ.

“ನನ್ನ ಹೆಸರು... ರೀ!” ಎಂದುಬಿಟ್ಟೆ.

ಸಭೆ ಚಪ್ಪಾಳೆ ಹೊಡೆದು ಹೊಡೆದು ನಕ್ಕಿತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಎದ್ದು ನಿಂತಳು. ಅತ್ತೆಯೂ ಎದ್ದು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕೇಳಿದ್ರಾ ಅತ್ತಿಗೆ? ನಾನು ಕಷ್ಟಪಟ್ಟು ಅಕ್ಷರ ಸೇರಿಸಿದ್ದು ಇದಕ್ಕಾ?”

“ನಾನು ಹೆಸರಿಟ್ಟಿದ್ದು ಇದಕ್ಕೇನೇ? ನಾವಿಬ್ರೂ ಲೆಕ್ಕಕ್ಕೇ ಇಲ್ಲ ನೋಡು. ಹೆಂಡ್ತಿ ಗುಲಾಮ!”

“ಸರಿಯಾಗಿ ಹೇಳಿದ್ರಿ. ಹೆಂಡ್ತಿ ಗುಲಾಮ!”

ಇಬ್ಬರೂ ಕೈಕೈ ಹಿಡಿದುಕೊಂಡು, ನನಗೂ ಕಾಯದೆ, ಒಂದೇ ಆಟೋದಲ್ಲಿ ಮನೆಗೆ ಹೋದರು. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ಅವಮಾನಕ್ಕೋ ಈಗಲೂ ಗೊತ್ತಿಲ್ಲ.

ಮಾರನೆಯ ಸಂಜೆ ಅತ್ತೆ ಎಂದಿಗಿಂತ ಬೇಗ ಬಂದರು. ಅಮ್ಮ ಎಂದಿಗಿಂತ ಜೋರಾಗಿ ನಕ್ಕಳು. ಸುಖವಾಗಿ ಕಾಲು ಚಾಚಿ ಹೊಸ ಗಡಿಯಾರ ನೋಡುತ್ತಾ ಕುಳಿತಿದ್ದ ನನ್ನ ಮುಂದೆ ಹೆಂಡತಿ ಬಂದು ನಿಂತಳು. ಕೈಯಲ್ಲಿ ಸ್ಪ್ಯಾನರ್ ಇತ್ತು.

“ಗುಲಾಮ ಅಂತೆ! ನಾನು ಕರೆದಾಗ ಯಾವತ್ತು ಎದ್ದು ಬಂದಿದೀರಿ? ಪುಕ್ಕಟೆ ಹೆಸರು ತಗೊಂಡಿದ್ದಾಯ್ತು, ಇನ್ನು ಹೆಸರಿಗೆ ತಕ್ಕ ಹಾಗೆ ನಡ್ಕೊಳ್ಳಿ.”

ಸಿಂಕಿನ ಕೆಳಗೆ ತಲೆ ತೂರಿಸಿ, ಮುಖದ ಮೇಲೆ ಅಭಿಷೇಕ ಮಾಡಿಸಿಕೊಳ್ಳುತ್ತಾ ನಲ್ಲಿಯ ತಿರುಪು ಬಿಗಿಯುತ್ತಿದ್ದೆ. ಆಗ ನಡುಮನೆಯಿಂದ ಅಮ್ಮ, ಅತ್ತೆ ಇಬ್ಬರೂ ಒಟ್ಟಿಗೆ ಕೂಗಿದರು.

“ಲೋ ಗುಲಾಮ! ಹಾಗೇ ಎರಡು ಲೋಟ ಕಾಫಿ ತಗೊಂಡು ಬಾ!”

ಒಂದೇ ಉಸಿರು, ಒಂದೇ ಉಚ್ಚಾರಣೆ.

“ಬಂದೆ,” ಎಂದೆ.